ಮೊಬೈಲ್ ಕೊಡದೆ ಘಾಟಿ ಇಳಿಯುವುದು ಹೇಗೆ?

ಪ್ರಶ್ನೆ: ರಜೆ ಬಂದಾಗಲೆಲ್ಲ ಬೆಂಗಳೂರಿನಿಂದ ಮಂಗಳೂರಿನ ಕಡೆಗಿರುವ ನಮ್ಮೂರಿಗೆ ಕಾರಿನಲ್ಲಿ ಹೋಗುತ್ತೇವೆ. ಆರು ವರ್ಷದ ಮಗ ಹಾಸನ ಬರುವಷ್ಟರಲ್ಲೇ ಹಟ ಹಿಡಿಯುತ್ತಾನೆ. ಮೊಬೈಲ್ ಕೊಟ್ಟರೆ ಸುಮ್ಮನಾಗುತ್ತಾನೆ, ಆದರೆ ಶಿರಾಡಿ ಘಾಟಿಯಲ್ಲಿ ವಾಂತಿ ಮಾಡಿಕೊಳ್ಳುತ್ತಾನೆ. ಅವನಿಗೆ ಬೇಸರವಾಗದಂತೆ ನೋಡಿಕೊಳ್ಳುವುದು ಹೇಗೆ?

ಉತ್ತರ: ದಸರೆಗೆ ಮುಂಚೆ ಒಮ್ಮೆ, ಬೇಸಿಗೆ ರಜೆಗೆ ಮುಂಚೆ ಒಮ್ಮೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಶಿರಾಡಿಯ ಬದಲು ಚಾರ್ಮಾಡಿ, ಆಗುಂಬೆ ಅಥವಾ ಅರಬೈಲು ಎಂದಿರುತ್ತದೆ, ಅಷ್ಟೇ. ಉತ್ತರವನ್ನು ಎಷ್ಟು ಸಲ ಬರೆದರೂ ಒಂದು ನಂಬಿಕೆ ಮಾತ್ರ ಜಗ್ಗುವುದಿಲ್ಲ: ‘ಏನೇ ಹೇಳಿ, ಮೊಬೈಲ್ ಕೊಟ್ಟರೆ ಮಗು ಆರಾಮಾಗಿ ಇರುತ್ತದೆ.’ ಮೊದಲು ಅದನ್ನೇ ಇತ್ಯರ್ಥ ಮಾಡೋಣ.

ನಮ್ಮ ಒಳಕಿವಿಯಲ್ಲಿ ದೇಹದ ಚಲನೆಯನ್ನೂ ಸಮತೋಲನವನ್ನೂ ಗುರುತಿಸುವ ಅಂಗವಿದೆ. ಕಾರು ತಿರುವಿನಲ್ಲಿ ವಾಲಿದಾಗ, ಬ್ರೇಕ್ ಹಾಕಿದಾಗ, ಹಂಪ್ ಹತ್ತಿ ಇಳಿದಾಗ ಅದು ಮಿದುಳಿಗೆ ‘ನಾವು ಚಲಿಸುತ್ತಿದ್ದೇವೆ’ ಎಂದು ತಿಳಿಸುತ್ತಲೇ ಇರುತ್ತದೆ. ಅದೇ ಹೊತ್ತಿಗೆ ಕಣ್ಣು ತೊಡೆಯ ಮೇಲಿನ ಪರದೆಯಲ್ಲಿ ನೆಟ್ಟಿದ್ದರೆ, ಆ ಪರದೆ ಮಗುವಿನ ಜೊತೆಗೇ ಸಾಗುವುದರಿಂದ, ಕಣ್ಣು ‘ಎಲ್ಲವೂ ನಿಂತಿದೆ’ ಎನ್ನುತ್ತದೆ. ಈ ಎರಡು ಸುದ್ದಿಗಳು ಹೊಂದಿಕೆಯಾಗದಿರುವುದೇ ಹೊಟ್ಟೆ ತೊಳೆಸುವುದಕ್ಕೆ ಮುಖ್ಯ ಕಾರಣ. ಎರಡು ವರ್ಷದಿಂದ ಹನ್ನೆರಡು ವರ್ಷದವರೆಗಿನ ಮಕ್ಕಳಲ್ಲಿ ಈ ತೊಂದರೆ ಹೆಚ್ಚು. ಕಾರು ಓಡಿಸುವವರಿಗೆ ವಾಂತಿ ಬರುವುದು ಅಪರೂಪ, ಏಕೆಂದರೆ ಅವರ ಕಣ್ಣು ರಸ್ತೆಯ ಮೇಲಿರುತ್ತದೆ ಮತ್ತು ಮುಂದಿನ ತಿರುವು ಯಾವ ಕಡೆಗೆಂದು ಅವರ ದೇಹಕ್ಕೆ ಮೊದಲೇ ಗೊತ್ತಿರುತ್ತದೆ.

ಇನ್ನು ‘ಸುಮ್ಮನಿರುತ್ತದೆ’ ಎಂಬ ಮಾತು. ಹೊಟ್ಟೆ ತೊಳೆಸಲು ಶುರುವಾದ ಮಗು ಮೊದಲು ಮಾಡುವುದೇ ಮಾತು ನಿಲ್ಲಿಸುವುದು. ಮುಖದ ಬಣ್ಣ ಇಳಿಯುತ್ತದೆ, ಆಕಳಿಕೆ ಮೇಲೆ ಆಕಳಿಕೆ ಬರುತ್ತದೆ, ಬಾಯಲ್ಲಿ ನೀರೂರುತ್ತದೆ, ಹಣೆಯಲ್ಲಿ ತಣ್ಣನೆಯ ಬೆವರು ಕಾಣಿಸುತ್ತದೆ. ಮುಂದೆ ಕುಳಿತ ತಂದೆತಾಯಿಗೆ ಕಾಣುವುದು ಮೊಬೈಲ್ ಹಿಡಿದು ಮೌನವಾಗಿ ಕುಳಿತ ಮಗು ಮಾತ್ರ. ಆ ಮೌನವನ್ನು ನೆಮ್ಮದಿಯೆಂದು ತಿಳಿದು ಇನ್ನೊಂದು ವೀಡಿಯೊ ಹಾಕಿಕೊಡುತ್ತಾರೆ; ನಾಲ್ಕು ತಿರುವು ಕಳೆಯುವಷ್ಟರಲ್ಲಿ ಸೀಟೆಲ್ಲ ಒದ್ದೆ. ಆಗ ದೂರು ಬೆಳಗಿನ ಇಡ್ಲಿಯ ಮೇಲೆ. ಹಾಗೆಂದು ಮುಂದಿನ ಸಲ ಉಪವಾಸ ಕರೆದೊಯ್ಯುವುದೂ ತಪ್ಪು. ಎಣ್ಣೆಯಿಲ್ಲದ ಹಗುರ ತಿಂಡಿ ಹೊಟ್ಟೆಯಲ್ಲಿರಬೇಕು.

‘ಮೈಸೂರಿಗೆ ಹೋಗುವಾಗ ಮೊಬೈಲ್ ನೋಡಿದರೂ ನಮ್ಮ ಮಗುವಿಗೆ ಏನೂ ಆಗುವುದಿಲ್ಲ’ ಎಂದು ವಾದಿಸುವವರಿದ್ದಾರೆ. ಮೈಸೂರಿನ ಹೆದ್ದಾರಿ ಬಹುಪಾಲು ನೇರವಾಗಿದೆ. ಅಲ್ಲಿ ಒಳಕಿವಿಗೆ ಅಷ್ಟು ಕೆಲಸವಿಲ್ಲ. ಅದರಿಂದ ಘಾಟಿಯ ಬಗ್ಗೆ ಏನೂ ಸಾಬೀತಾಗುವುದಿಲ್ಲ. ಮೊಬೈಲಿನ ಬದಲು ಬಣ್ಣ ತುಂಬುವ ಪುಸ್ತಕವನ್ನೋ ಚಿತ್ರಕಥೆಯನ್ನೋ ಕೊಟ್ಟು ಸಮಾಧಾನಪಡುವವರೂ ಗಮನಿಸಬೇಕು: ಪುಸ್ತಕ ಎಷ್ಟೇ ಒಳ್ಳೆಯದಿರಲಿ, ಕಣ್ಣು ತೊಡೆಯ ಮೇಲೇ ಇದ್ದರೆ ಫಲ ಒಂದೇ.

ಹೀಗಾಗಿ, ಮಗುವಿನ ಆಟವೆಲ್ಲ ಕಿಟಕಿಯ ಹೊರಗೆ ಇರಬೇಕು, ಇಲ್ಲವೇ ಕಿವಿ–ಬಾಯಿಗಳಲ್ಲಿ ನಡೆಯಬೇಕು. ನಿಮ್ಮ ದಾರಿ ಸುಮಾರು 350 ಕಿಲೋಮೀಟರ್ ಉದ್ದದ್ದು, ಆಟಕ್ಕೆ ಸಾಮಗ್ರಿ ಬೇಕಾದಷ್ಟಿದೆ. ನನಗೆ ಬಹಳ ಇಷ್ಟವಾದದ್ದು ನಂಬರ್ ಪ್ಲೇಟಿನ ಆಟ. ಊರುಗಳ ಪಟ್ಟಿಯನ್ನು ಮೊದಲೇ ಬಾಯಿಪಾಠ ಮಾಡಿಸಿ: ಕೆಎ 06 ತುಮಕೂರು, 11 ಮಂಡ್ಯ, 13 ಹಾಸನ, 18 ಚಿಕ್ಕಮಗಳೂರು, 46 ಸಕಲೇಶಪುರ, 21 ಪುತ್ತೂರು, 19 ಮಂಗಳೂರು. ಬೆಂಗಳೂರು ಬಿಡುವಾಗ ಅಪರೂಪವಾಗಿದ್ದ 19 ದಾರಿ ಸಾಗಿದಂತೆ ಹೆಚ್ಚಾಗುವುದನ್ನು ಮಗು ತಾನೇ ಕಂಡುಕೊಳ್ಳುತ್ತದೆ. ‘ಊರು ಯಾವಾಗ ಬರುತ್ತೆ?’ ಎಂಬ ಪ್ರಶ್ನೆಗೆ ಉತ್ತರ ಅದರ ಕೈಗೇ ಸಿಕ್ಕಂತಾಗುತ್ತದೆ. ಮೈಲಿಗಲ್ಲುಗಳೂ ಇವೆ: ತಲೆ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ. ಅಡ್ಡರಸ್ತೆಗೆ ಹೊರಳಿದೊಡನೆ ಬಣ್ಣ ಬದಲಾಯಿತೇ ಎಂದು ಕೇಳಿ ನೋಡಿ.

ಘಾಟಿ ಬಂದ ಮೇಲೆ ಓದುವ ಆಟಗಳನ್ನೂ ನಿಲ್ಲಿಸಬೇಕು. ಆಗ ಅಂತ್ಯಾಕ್ಷರಿ, ಇಲ್ಲವೇ ಒಗಟು. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಎಂದು ಕೇಳಿ, ಮಲ್ಲಿಗೆ ಎಂಬ ಉತ್ತರ ಬರುವವರೆಗೆ ಕಾಯಿರಿ. ಅವಸರದಿಂದ ನೀವೇ ಹೇಳಿಬಿಡಬೇಡಿ. ಅಜ್ಜಿ ಜೊತೆಗಿದ್ದರೆ ಅವರ ಕಥೆಗಿಂತ ಹೆಚ್ಚಿನದೇನೂ ಬೇಕಾಗಿಲ್ಲ. ಕಥೆ ಕೇಳುತ್ತಾ ಮಗು ಮುಂದಿನ ರಸ್ತೆಯನ್ನೋ ಮರಗಳ ಸಂದಿಯಲ್ಲಿ ಕಾಣುವ ಕೆಂಪುಹೊಳೆಯನ್ನೋ ನೋಡುತ್ತಿರಲಿ. ಎರಡು ಗಂಟೆಗೊಮ್ಮೆ ಕಾರು ನಿಲ್ಲಿಸಿ ಓಡಾಡಿಸುವುದನ್ನು ಬಿಡಬೇಡಿ.

ಹೊರಗೆ ನೋಡಬೇಕು ಎಂದೊಡನೆ ಕೆಲವರು ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ, ಇನ್ನು ಕೆಲವರು ಎರಡು ಸೀಟುಗಳ ನಡುವೆ ನಿಲ್ಲಿಸುತ್ತಾರೆ. ನೀವು ಇದನ್ನು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಡಿಕ್ಕಿ ಹೊಡೆದು ಅರ್ಧ ಮೀಟರಿನೊಳಗೆ ನಿಂತರೆ, ಹತ್ತು ಕಿಲೋ ತೂಕದ ಮಗುವನ್ನು ಹಿಡಿದುಕೊಳ್ಳಲು ಸುಮಾರು ಇನ್ನೂರು ಕಿಲೋ ಭಾರವನ್ನು ತಡೆಯುವಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೂ ಆ ಬಲವಿಲ್ಲ. ಮೇಲಾಗಿ, ಏರ್‌ಬ್ಯಾಗ್ ಬಿಚ್ಚಿಕೊಂಡರೆ ಅದರ ಹೊಡೆತ ಮೊದಲು ಬೀಳುವುದು ತೊಡೆಯ ಮೇಲಿನ ಮಗುವಿಗೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ, ಹದಿನಾಲ್ಕು ವರ್ಷದೊಳಗಿನ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷತಾ ಸೀಟು ಇಲ್ಲದೆ ಕರೆದೊಯ್ದರೆ ಸಾವಿರ ರೂಪಾಯಿ ದಂಡವೂ ಉಂಟು.

ನಿಮ್ಮ ಮಗನ ವಯಸ್ಸಿಗೆ ಬೇಕಾದದ್ದು ಬೂಸ್ಟರ್ ಸೀಟು, ಅಂದರೆ ಕಾರಿನ ಸೀಟಿನ ಮೇಲೆ ಇಡುವ ಮಕ್ಕಳ ಎತ್ತರದ ಆಸನ. ಎತ್ತರ ಕನಿಷ್ಠ ನಾಲ್ಕೂವರೆ ಅಡಿ ಆಗುವವರೆಗೂ ಅದು ಬೇಕು. ಅದು ಮಗುವನ್ನು ಎತ್ತರಿಸುವುದರಿಂದ ಬೆಲ್ಟು ಕತ್ತಿಗೆ ತಾಗದೆ ಭುಜದ ಮೇಲೆ ಹಾಯುತ್ತದೆ, ಕಣ್ಣು ಕಿಟಕಿಯ ಮಟ್ಟಕ್ಕೆ ಬರುತ್ತದೆ. ಇಷ್ಟು ಹೊತ್ತು ಹೇಳಿದ ಆಟಗಳೆಲ್ಲ ಆ ಎತ್ತರವಿದ್ದರೆ ಮಾತ್ರ ನಡೆಯುತ್ತವೆ; ತಗ್ಗಿನಲ್ಲಿ ಕುಳಿತ ಮಗುವಿಗೆ ಕಾಣುವುದು ಮುಂದಿನ ಸೀಟಿನ ಬೆನ್ನು ಮಾತ್ರ. ಊರಿಗೆ ಹೊರಡುವ ದಿನವೇ ಅದನ್ನು ಡಬ್ಬದಿಂದ ತೆಗೆಯಬೇಡಿ. ಎರಡು ವಾರ ಮೊದಲೇ ಹಿಂದಿನ ಸೀಟಿನಲ್ಲಿ ಇಟ್ಟು, ಪೇಟೆಗೆ ಹೋಗಿಬರುವ ಸಣ್ಣ ಓಡಾಟಗಳಲ್ಲಿ ರೂಢಿ ಮಾಡಿಸಿ.