ಐದು-ಆರನೇ ಸೆಮಿಸ್ಟರಿನ ಪುಟ ಮೊದಲು ತೆರೆಯಿರಿ

ಪಿಯುಸಿ ಫಲಿತಾಂಶ ಬಂದ ವಾರ ಮಂಡ್ಯ, ಮದ್ದೂರು, ನಂಜನಗೂಡಿನ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಯಾವ ಕಾಲೇಜು? ಯಾವ ವಿಷಯ ಎಂಬುದು ಅರ್ಜಿ ತುಂಬುವ ಹೊತ್ತಿಗೆ, ನಿಂತ ನಿಲುವಿನಲ್ಲೇ ತೀರ್ಮಾನವಾಗುತ್ತದೆ. ಗೆಳೆಯ ಬಿಸಿಎ ಬರೆದರೆ ಇವನೂ ಬಿಸಿಎ. ಎಡವುವುದು ಇಲ್ಲೇ.

ಮೊದಲ ಸೆಮಿಸ್ಟರಿನ ಪಾಠ ನೋಡಿ ವಿಷಯ ಆರಿಸಬೇಡಿ, ಅದು ಬಹುಪಾಲು ಪೀಠಿಕೆ. ವಿಶ್ವವಿದ್ಯಾನಿಲಯದ ಜಾಲತಾಣದಿಂದ ಪಠ್ಯಕ್ರಮ ಇಳಿಸಿಕೊಂಡು 5 ಮತ್ತು 6ನೇ ಸೆಮಿಸ್ಟರಿನ ಪುಟ ತೆರೆಯಿರಿ. ಹಳೆಯ ಪ್ರಶ್ನೆಪತ್ರಿಕೆ ಎರಡು ಜೊತೆಗಿರಲಿ. ಮನಃಶಾಸ್ತ್ರವೆಂದರೆ ಸಮಾಧಾನ ಹೇಳುವ ವಿದ್ಯೆ ಎಂದುಕೊಂಡು ಸೇರಿದವರು ಸಂಖ್ಯಾಶಾಸ್ತ್ರ, ಪ್ರಯೋಗದ ರೆಕಾರ್ಡ್ ಎದುರಾದಾಗ ಕಂಗಾಲಾಗುತ್ತಾರೆ. ಗಣಿತಕ್ಕೆ ಹೆದರಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಬಿಟ್ಟವರಿಗೆ ಅರ್ಥಶಾಸ್ತ್ರದಲ್ಲೂ ಬಿಸಿಎಯಲ್ಲೂ ಅದೇ ಗಣಿತ ಕಾದಿರುತ್ತದೆ. ಒಂದು ಘಟಕ ಆರಿಸಿ, ದಿನಕ್ಕೆ 1 ಗಂಟೆಯಂತೆ 7 ದಿನ ಓದಿ. ಖುಷಿ ಕೊಟ್ಟ ಭಾಗ ಯಾವುದೆಂದು ಆಮೇಲೆ ನೋಡಿದರಾಯಿತು. ಬೇಸರದ ಭಾಗವನ್ನೂ ಹಿಡಿದು ಕೂತು ಮುಗಿಸಲು ಆಯಿತೇ ಎಂಬುದೇ ಮುಖ್ಯ.

ಕೈಯಳತೆಯಲ್ಲಿರುವ ದಾರಿಗಳೂ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು-ಕೇಳ್ಮೆಯ ತೊಂದರೆಗಳ ಕುರಿತೇ ಪದವಿಯಿದೆ. ಅಲ್ಲಿನದೇ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಬಿಎಸ್ಸಿ, ಬಿಎಡ್ ಎರಡೂ ಸೇರಿ 4 ವರ್ಷ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ಪದವಿಯಿದೆ. ಸಿಇಟಿ ಎಂಬ ಪ್ರವೇಶ ಪರೀಕ್ಷೆಯ ಮೂಲಕ ಹೋಗುವವರು ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು-ಕೋರ್ಸುಗಳನ್ನು ಕ್ರಮವಾಗಿ ಬರೆಯುವ ಪಟ್ಟಿಯಲ್ಲಿ, ರ‍್ಯಾಂಕಿಗೆ ಅಂಜಿ ಕ್ರಮ ಬದಲಿಸಬಾರದು. ಸೀಟು ಹಂಚಿಕೆಯಾದ ಆಯ್ಕೆಗಿಂತ ಕೆಳಗೆ ಬರೆದದ್ದು ಮುಂದಿನ ಸುತ್ತಿಗೆ ಉಳಿಯುವುದಿಲ್ಲ. ನಿಜಕ್ಕೂ ಬೇಕಾದದ್ದೇ ಮೇಲಿರಲಿ.

ಆಮೇಲೆ ಕಾಲೇಜು. ಕಟ್ಟಡ ನೋಡಿ ಬರುವುದಲ್ಲ; ವಾರದ ನಡುವಿನ ದಿನ, ಬೆಳಿಗ್ಗೆ 11ರ ಹೊತ್ತಿಗೆ, ನೇರ ವಿಭಾಗಕ್ಕೇ ಹೋಗಿ. ಕೊನೆಯ ವರ್ಷದ ಇಬ್ಬರನ್ನು ಕ್ಯಾಂಟೀನಿನಲ್ಲಿ ಕೂರಿಸಿಕೊಂಡು ಕೇಳಿ: ಕಾಯಂ ಮೇಷ್ಟ್ರು ಎಷ್ಟು ಜನ? ಅತಿಥಿ ಉಪನ್ಯಾಸಕರು ಈ ವರ್ಷ ಯಾವ ತಿಂಗಳಲ್ಲಿ ಬಂದರು? ಪ್ರ್ಯಾಕ್ಟಿಕಲ್‌ನಲ್ಲಿ ಒಂದು ಉಪಕರಣಕ್ಕೆ ಎಷ್ಟು ಜನ? ಅರ್ಥವಾಗದ್ದನ್ನು ತರಗತಿ ಮುಗಿದ ಮೇಲೆ ಯಾರ ಬಳಿ ಕೇಳುತ್ತೀರಿ? ಕೊನೆಯ ಪ್ರಶ್ನೆಗೆ ಒಂದು ಹೆಸರು ತಟ್ಟನೆ ಬಂದರೆ ಆ ವಿಭಾಗಕ್ಕೆ ಜೀವವಿದೆ.

ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಇಂಟರ್ನಲ್ಸ್‌ನಲ್ಲಿ ಅಂಕ ಕಳೆದುಕೊಂಡು "ನನಗಿದು ಆಗಲ್ಲ" ಎಂದು ವಿಷಯವನ್ನೇ ದೂರುತ್ತಾರೆ. ತೊಡಕು ಹೆಚ್ಚಿನ ಸಲ ಇಂಗ್ಲಿಷ್ ಪದಗಳದ್ದು. ಪ್ರತಿ ವಿಷಯಕ್ಕೂ ಒಂದು ಪದದ ನೋಟ್‌ಬುಕ್ ಇಡಿ: ಪದ, ಕನ್ನಡದಲ್ಲಿ ಅರ್ಥ, ಒಂದು ಉದಾಹರಣೆ. ನಾಲ್ಕೈದು ಜನ ಸೇರಿ ವಾರಕ್ಕೆರಡು ಸಲ, ಒಬ್ಬರು 20 ನಿಮಿಷ ಕನ್ನಡದಲ್ಲೇ ಪಾಠ ಹೇಳಲಿ, ಉಳಿದವರು ತಪ್ಪು ಹಿಡಿಯಲಿ. ಗುಂಪು ಎಂಟಾದರೆ ಹರಟೆಯಾಗುತ್ತದೆ.

ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ. ಅಪ್ ಅಂಡ್ ಡೌನ್ ಮಾಡುವವರು ಬಸ್ಸು, ರೈಲು ತಪ್ಪುತ್ತದೆಂದು ಕೊನೆಯ ಬೆಲ್ಲಿಗೇ ಓಡುತ್ತಾರೆ. ಸೆಮಿನಾರ್, ಗ್ರಂಥಾಲಯ, ಮೇಷ್ಟ್ರ ಜೊತೆಗಿನ ಮಾತು, ಎಲ್ಲ ನಡೆಯುವುದು ಅದಾದ ಮೇಲೆ. ವಾರದಲ್ಲಿ ಎರಡು ದಿನ ಮುಂದಿನ ರೈಲಿಗೆ ಬರುತ್ತೇನೆಂದು ಮನೆಯಲ್ಲಿ ಮೊದಲೇ ಹೇಳಿಡಿ. ಹೆಣ್ಣುಮಕ್ಕಳ ಮನೆಯವರು ಇದಕ್ಕೆ ಒಪ್ಪುವುದು ಬಹಳ ದೊಡ್ಡ ನೆರವು. ಕಾಲೇಜು ಸೇರಿದ ಮೊದಲ ವಾರದಲ್ಲೇ ಹುಡುಗಿಯರು ಅದೇ ರೈಲಿಗೆ ಬರುವ ಒಬ್ಬ ಗೆಳತಿಯನ್ನು ಹುಡುಕಿಕೊಳ್ಳಲಿ.