ಪರಿಸರ ಅನುಮತಿಯ ಫೈಲು ಬರೆಯುವವರು ಯಾರು?

ಬೆಂಗಳೂರಿನ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಸಂಘಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ನೋಟಿಸ್ ಬಂತು ಅಂತಿಟ್ಟುಕೊಳ್ಳಿ. ಇಸಿ ಷರತ್ತು ಪಾಲಿಸಿಲ್ಲ ಅಂತ ಅದರಲ್ಲಿ ಬರೆದಿರುತ್ತದೆ. ಇಲ್ಲಿ ಇಸಿ ಅಂದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಿಗುವ ಋಣಭಾರ ಪತ್ರ ಅಲ್ಲ, ಪರಿಸರ ಅನುಮತಿ. ಷರತ್ತಿಗೆ ಒಪ್ಪಿಕೊಂಡಿದ್ದು ಬಿಲ್ಡರ್. ಅರ್ಜಿ ಬರೆದಿದ್ದು ಬಿಲ್ಡರ್ ಗೊತ್ತು ಮಾಡಿದ ಕನ್ಸಲ್ಟೆಂಟ್. ಪಾಲಿಸಬೇಕಾದವರು ಮಾತ್ರ ಸಾಲ ಮಾಡಿ ಮನೆ ಕೊಂಡವರು, ಅವರು ಆ ಫೈಲನ್ನು ಕಣ್ಣಾರೆ ನೋಡಿರುವುದೇ ಅಪರೂಪ. ಇಂಥ ಏರ್ಪಾಡು ಹೇಗೆ ಬಂತು ಅಂತ ಕೇಳಿದರೆ ಒಂದೇ ಸಲಕ್ಕೆ ಉತ್ತರ ಸಿಗಲ್ಲ. ತುಂಡು ತುಂಡಾಗಿ ಬಂದ ನಿಯಮಗಳನ್ನು ಜೋಡಿಸಿ ನೋಡಬೇಕು.

1974ರಲ್ಲಿ ನೀರಿನ ಕಾಯ್ದೆ, 1981ರಲ್ಲಿ ಗಾಳಿಯ ಕಾಯ್ದೆ, 1984ರ ಭೋಪಾಲ್ ದುರಂತದ ನಂತರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ, ಅದರ ಕೆಳಗೆ 1994ರ ಜನವರಿಯಲ್ಲಿ ಮೊದಲ ಇಐಎ, ಅಂದರೆ ಪರಿಸರದ ಮೇಲಿನ ಪರಿಣಾಮದ ಅಂದಾಜಿನ, ಅಧಿಸೂಚನೆ. ಆಗ ಇದು ಅಣೆಕಟ್ಟು, ಗಣಿ, ಕಾರ್ಖಾನೆಗಳ ವಿಷಯ. ಮನೆ ಕಟ್ಟುವವರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. 2004ರ ಜುಲೈನಲ್ಲಿ ಮೊದಲ ಸಲ ದೊಡ್ಡ ಕಟ್ಟಡಗಳು ಪಟ್ಟಿಗೆ ಸೇರಿದವು. ಸಾವಿರಕ್ಕಿಂತ ಹೆಚ್ಚು ಜನ, ದಿನಕ್ಕೆ 50,000 ಲೀಟರ್ ಕೊಳಚೆ ನೀರು, ಅಥವಾ 50 ಕೋಟಿ ರೂಪಾಯಿ ಬಂಡವಾಳ. ಇದರಲ್ಲಿ ಯಾವುದಾದರೂ ಒಂದಿದ್ದರೆ ದೆಹಲಿಯ ಅನುಮತಿ ಬೇಕಿತ್ತು.

ನಿಜವಾದ ಕಥೆ ಶುರುವಾಗುವುದು 2006ರ ಸೆಪ್ಟೆಂಬರ್ 14ಕ್ಕೆ. ಅವತ್ತಿನ ಹೊಸ ಅಧಿಸೂಚನೆ ಜನರ ಲೆಕ್ಕ, ದುಡ್ಡಿನ ಲೆಕ್ಕ ಎರಡನ್ನೂ ಬಿಟ್ಟು ಅಳತೆಯ ಲೆಕ್ಕ ಹಿಡಿಯಿತು. 20,000 ಚದರ ಮೀಟರ್ ಕಟ್ಟಿದರೆ, ಅಂದರೆ ಹೆಚ್ಚುಕಡಿಮೆ 2.15 ಲಕ್ಷ ಚದರ ಅಡಿ ಆದರೆ, ಅನುಮತಿ ಬೇಕು. 1.5 ಲಕ್ಷ ಚದರ ಮೀಟರ್ ಮುಟ್ಟಿದರೆ ಅಥವಾ ಜಾಗ 50 ಹೆಕ್ಟೇರ್ ಇದ್ದರೆ ಅದು ಟೌನ್‌ಶಿಪ್ ಸಾಲಿಗೆ ಹೋಗುತ್ತದೆ. ಕೊಡುವವರು ಆಯಾ ರಾಜ್ಯದ ಪ್ರಾಧಿಕಾರ, ಅದಕ್ಕೆ ಸಲಹೆ ಕೊಡುವುದಕ್ಕೆ ಒಂದು ತಜ್ಞರ ಸಮಿತಿ. ನಮ್ಮಲ್ಲಿ ಔಟರ್ ರಿಂಗ್ ರೋಡ್, ಸರ್ಜಾಪುರ, ವೈಟ್‌ಫೀಲ್ಡ್ ಕಡೆ ಐಟಿ ಪಾರ್ಕು, ಅಪಾರ್ಟ್‌ಮೆಂಟು ಏಳುತ್ತಿದ್ದ ಕಾಲವೂ ಅದೇ. ಸಹಜವಾಗಿಯೇ ಫೈಲುಗಳ ರಾಶಿ ಬಿತ್ತು, ಫೈಲು ಬರೆದುಕೊಡುವವರ ಸಂಖ್ಯೆಯೂ ಬೆಳೆಯಿತು.

ತುಂಬಾ ಜನಕ್ಕೆ ಗೊತ್ತಿಲ್ಲದ ಸಂಗತಿ ಒಂದಿದೆ. ಕಟ್ಟಡಗಳಿಗೆ ಸಾರ್ವಜನಿಕ ಅಹವಾಲು ಸಭೆ ಇಲ್ಲ. ಗಣಿಯೋ ಕಾರ್ಖಾನೆಯೋ ಆದರೆ ಜಿಲ್ಲಾಧಿಕಾರಿ ಮುಂದೆ ಊರವರು ಮೈಕ್ ಹಿಡಿದು ಬೈಯಬಹುದು, ಅಪಾರ್ಟ್‌ಮೆಂಟಿಗೆ ಆ ಅವಕಾಶವನ್ನೇ ಕೊಟ್ಟಿಲ್ಲ. 20,000ದಿಂದ 1.5 ಲಕ್ಷದವರೆಗಿನ ಕಟ್ಟಡಗಳಿಗೆ ಪೂರ್ತಿ ಇಐಎ ವರದಿ ಕೂಡ ಬೇಡ ಅಂತ 2006ರಲ್ಲಿ ಬರೆದರು. ಫಾರಂ 1, ಫಾರಂ 1ಎ ಮತ್ತು ಒಂದು ನಕ್ಷೆ ಇದ್ದರೆ ಆಯಿತು. ಜಮೀನು, ನೀರು, ಗಿಡಮರ, ಪ್ರಾಣಿಪಕ್ಷಿ, ಗಾಳಿ, ಅಂದಚಂದ, ಅಕ್ಕಪಕ್ಕದ ಜನಜೀವನ, ಕಟ್ಟುವ ಸಾಮಗ್ರಿ, ಕರೆಂಟು. ಎಲ್ಲಕ್ಕೂ ಅದರಲ್ಲಿ ಪ್ರಶ್ನೆ ಇದೆ. ಅಂದರೆ ಆ ಜಾಗದ ಬಗ್ಗೆ ಸಮಿತಿಗೆ ಏನು ತಿಳಿಯುತ್ತದೋ ಅದರ ಬಹುಪಾಲು ಕನ್ಸಲ್ಟೆಂಟ್ ಬರೆದಿದ್ದರಿಂದಲೇ ತಿಳಿಯಬೇಕು.

ಒಳ್ಳೆಯ ಕನ್ಸಲ್ಟೆಂಟ್ ಮಾಡುವ ಕೆಲಸ ಸಣ್ಣದಲ್ಲ. ಗ್ರಾಮ ನಕ್ಷೆ ಹಿಡಿದು ಜಮೀನು ಸುತ್ತಬೇಕು. ರಾಜಕಾಲುವೆ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಮೇಲಿನ ಕೆರೆಯ ಕೋಡಿ ಯಾವ ಕಡೆ, ಖರಾಬು ಜಾಗ ಎಷ್ಟು ಅಂತ ನೋಡಬೇಕು. ಮಣ್ಣು, ಬೋರ್‌ವೆಲ್ ನೀರು, ಗಾಳಿ, ಸದ್ದು ಎಲ್ಲ ಲ್ಯಾಬಿಗೆ ಹೋಗಬೇಕು. ಆಮೇಲೆ ನೀರಿನ ಲೆಕ್ಕ. ನನ್ನ ಪ್ರಕಾರ ಇಡೀ ಫೈಲಿನಲ್ಲಿ ಮೊದಲು ಓದಬೇಕಾದ ಪುಟ ಅದು.

500 ಮನೆ, ಮನೆಗೆ ಐದು ಜನ, ತಲೆಗೆ ದಿನಕ್ಕೆ 135 ಲೀಟರ್ ಅಂತ ಹಿಡಿಯಿರಿ. ದಿನಕ್ಕೆ ಸುಮಾರು 3.4 ಲಕ್ಷ ಲೀಟರ್ ನೀರು. ಅದರಲ್ಲಿ ಬಹುಪಾಲು ಕೊಳಚೆಯಾಗಿ ಎಸ್‌ಟಿಪಿಗೆ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕಕ್ಕೆ ಬರುತ್ತದೆ. ಶುದ್ಧ ಮಾಡಿದ ನೀರು ಸ್ವಲ್ಪ ಫ್ಲಶ್‌ಗೆ, ಸ್ವಲ್ಪ ಗಾರ್ಡನ್‌ಗೆ, ಇನ್ನು ಸ್ವಲ್ಪ ಕಾರು ತೊಳೆಯೋದಕ್ಕೆ ಅಂತ ಹಂಚಿ ಲೆಕ್ಕ ಚುಕ್ತಾ ಮಾಡಿರುತ್ತಾರೆ. ಕಾಗದದಲ್ಲಿ ಎಲ್ಲಾ ಸರಿ. ಆದರೆ ಜುಲೈ, ಆಗಸ್ಟ್‌ನಲ್ಲಿ ಗಾರ್ಡನ್‌ಗೆ ನೀರು ಬೇಡ ಅಲ್ವಾ? ಉಳಿದಿದ್ದು ಎಲ್ಲಿಗೆ ಹೋಗುತ್ತದೆ? ಒಳಚರಂಡಿ ಇದ್ದರೆ ಅಲ್ಲಿಗೆ. ಹೊರವಲಯದಲ್ಲಿ ಎಷ್ಟೋ ಕಡೆ ಅದು ಬಂದೇ ಇರಲಿಲ್ಲ, ಹಾಗಾಗಿ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ಎಸ್‌ಟಿಪಿ ಕೆಟ್ಟು ನಿಂತಿದ್ದರೆ ಶುದ್ಧ ಆಗದ ನೀರೇ ಹೋಗುತ್ತದೆ. ಬೆಳ್ಳಂದೂರು ಕೆರೆ ನೊರೆ ಉಗುಳಿ, 2015ರಲ್ಲೂ 2017ರಲ್ಲೂ ಬೆಂಕಿ ಹತ್ತಿ ಉರಿದಿದ್ದಕ್ಕೆ ನಗರದ ಕೊಳಚೆ ನೀರೇ ದೊಡ್ಡ ಕಾರಣ. ಆ ಕೊಳಚೆ ಎಲ್ಲಾ ಅಪಾರ್ಟ್‌ಮೆಂಟಿನದಲ್ಲ, ಹಳೆಯ ಬಡಾವಣೆಗಳ ಪಾಲೂ ದೊಡ್ಡದಿದೆ. ಆದರೂ ಒಂದೊಂದು ಫೈಲಿನಲ್ಲೂ ಚುಕ್ತಾ ಆಗಿದ್ದ ಲೆಕ್ಕ ಎಲ್ಲ ಸೇರಿದಾಗ ಕೆರೆಯಲ್ಲಿ ಯಾಕೆ ತಾಳೆಯಾಗಲಿಲ್ಲ ಅಂತ ಕೂತು ಕೂಡಿಸಿ ನೋಡುವ ಕೆಲಸ ಯಾವ ಮೇಜಿನದ್ದೂ ಆಗಿರಲಿಲ್ಲ.

ಅದೇ ಬೆಳ್ಳಂದೂರು ಮತ್ತು ಅಗರ ಕೆರೆಗಳ ನಡುವಿನ ಜಾಗದಲ್ಲಿ ದೊಡ್ಡ ಯೋಜನೆಗಳು ಬಂದಾಗ ವಿಷಯ ಹಸಿರು ನ್ಯಾಯಮಂಡಳಿಗೆ ಹೋಯಿತು. ಆ ಯೋಜನೆಗಳಿಗೂ ಪರಿಸರ ಅನುಮತಿ ಸಿಕ್ಕಿತ್ತು ಅನ್ನೋದನ್ನು ಮರೆಯಬಾರದು. 2016ರ ಮೇ 4ರಂದು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ 75 ಮೀಟರ್, ರಾಜಕಾಲುವೆಗಳಿಗೆ ದರ್ಜೆ ನೋಡಿ 50, 35, 25 ಮೀಟರ್ ಬಫರ್, ಅಂದರೆ ಏನೂ ಕಟ್ಟದೆ ಬಿಡಬೇಕಾದ ಜಾಗ, ಅಂತ ಹೇಳಿತು. ಅಲ್ಲಿಯವರೆಗೆ ಮಾಸ್ಟರ್ ಪ್ಲಾನ್‌ನಲ್ಲಿ ಕೆರೆಗೆ 30, ಕಾಲುವೆಗಳಿಗೆ 50, 25, 15 ಇತ್ತು. ಸೈಟು, ಫ್ಲಾಟು ಕೊಂಡವರೆಲ್ಲ ಟೇಪ್ ಹಿಡಿದು ಓಡಾಡಿದ ಕಾಲ ಅದು. ಆಮೇಲೆ 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಈ ಹೆಚ್ಚಳವನ್ನು ರದ್ದು ಮಾಡಿತು. ಮಾಸ್ಟರ್ ಪ್ಲಾನ್ ಕಾನೂನಿನ ಬಲ ಇರುವಂಥದ್ದು, ಅದನ್ನು ಹೀಗೆ ಬದಲಿಸೋಕೆ ಬರಲ್ಲ ಅನ್ನೋದು ಕಾರಣ. 2025ರಲ್ಲಿ ರಾಜ್ಯ ವಿಧಾನಮಂಡಲ ಕೆರೆಯ ವಿಸ್ತೀರ್ಣ ನೋಡಿ ಬಫರ್ ಇಳಿಸುವ ತಿದ್ದುಪಡಿ ಮಸೂದೆಯನ್ನೂ ಪಾಸು ಮಾಡಿತು. ಮಳೆ ಬಂದಾಗ ಕೆರೆ ಎಷ್ಟು ಮೀಟರ್ ಹಿಗ್ಗುತ್ತದೆ ಅನ್ನೋದು ಮಾತ್ರ ಈ ಯಾವ ಆದೇಶವನ್ನೂ ಓದಿಕೊಂಡು ಬದಲಾಗಲ್ಲ.

ಹಾಗಾದರೆ ಕನ್ಸಲ್ಟೆಂಟ್‌ಗಳ ಮೇಲೆ ಹಿಡಿತವೇ ಇರಲಿಲ್ಲವಾ ಅಂದರೆ, ಇತ್ತು. ಮಹಾರಾಷ್ಟ್ರದ ರತ್ನಾಗಿರಿಯ ಒಂದು ಬಾಕ್ಸೈಟ್ ಗಣಿಯ ವರದಿಯಲ್ಲಿ ರಷ್ಯಾದ ಗಣಿಯ ವರದಿಯ ಪುಟಗಳೇ ಸೇರಿಕೊಂಡಿದ್ದು ಬಯಲಾದ ಮೇಲೆ ಈ ಕಸುಬಿನ ಮಾನ ಬೀದಿಗೆ ಬಂದಿತ್ತು. ಯಾರು ಬೇಕಾದರೂ ವರದಿ ಬರೆಯುವ ಹಾಗಿಲ್ಲ, ನ್ಯಾಬೆಟ್ ಅನ್ನುವ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಇರಬೇಕು ಅಂತ ಕೇಂದ್ರ ಸಚಿವಾಲಯ 2009ರ ಕೊನೆಗೆ ಹೇಳಿತು, 2016ರಲ್ಲಿ ಅದನ್ನು ಅಧಿಸೂಚನೆಗೇ ಸೇರಿಸಿತು. ಗಾಳಿಗೆ ಒಬ್ಬರು, ನೀರಿಗೆ ಒಬ್ಬರು, ಜೀವವೈವಿಧ್ಯಕ್ಕೆ ಒಬ್ಬರು ಅಂತ ಪ್ರತಿ ವಿಷಯಕ್ಕೂ ತಜ್ಞರ ಹೆಸರು ಬೇಕು. ಇದರಿಂದ ಗುಣಮಟ್ಟ ಏರಿದ್ದು ನಿಜ. ಆದರೆ ಫೀಸು ಕೊಡುವವರು ಯಾರು ಅನ್ನೋದು ಬದಲಾಗಲಿಲ್ಲ. ಪರೀಕ್ಷೆಗೆ ಕೂತವನೇ ಮೌಲ್ಯಮಾಪಕರನ್ನು ಹುಡುಕಿ ಸಂಬಳ ಕೊಟ್ಟ ಹಾಗಿದೆ ಇದು. ಕೊನೆಯ ಕಂತಿನ ದುಡ್ಡು ಅನುಮತಿ ಕೈಗೆ ಬಂದ ಮೇಲೆ ಅಂತ ಒಪ್ಪಂದ ಇದ್ದರೆ, ಇಲ್ಲಿ ಕಟ್ಟಬೇಡಿ ಅಂತ ಬರೆಯುವ ಧೈರ್ಯ ಎಷ್ಟು ಜನಕ್ಕೆ ಇರುತ್ತದೆ?

ಖಾಸಗಿಯವರದ್ದಷ್ಟೇ ಈ ಕಥೆ ಅಂದುಕೊಳ್ಳಬೇಡಿ. ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡ್ ಸರ್ಕಾರದ್ದೇ ಯೋಜನೆ, ಸುಮಾರು 65 ಕಿಲೋಮೀಟರ್. ಕಡಿಯಬೇಕಾದ ಮರ ನೂರರ ಲೆಕ್ಕದಲ್ಲಿದೆ ಅಂತ ಮೊದಲು ತೋರಿಸಿದ್ದರು, ಆಮೇಲೆ ಅದು ಹದಿನಾರು ಸಾವಿರ ದಾಟಿತು. ವರದಿಗೆ ಬಳಸಿದ ಮಾಹಿತಿ ಹಳೆಯದು ಅನ್ನೋದೂ ಹೊರಬಂತು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮಾನ್ಯತೆ ಇರುವ ಸಲಹೆಗಾರರಿಂದ ಹೊಸದಾಗಿ ಅಧ್ಯಯನ ಮಾಡಿಸಿ ಅಂತ ವಾಪಸ್ ಕಳಿಸಿತು.

ಇನ್ನು ಅನುಮತಿ ಇಲ್ಲದೇ ಕಟ್ಟಿದವರ ಗೋಜಲು. 2017ರ ಮಾರ್ಚ್‌ನಲ್ಲಿ ಕೇಂದ್ರ, ಒಂದೇ ಒಂದು ಸಲ ಅಂತ ಆರು ತಿಂಗಳ ಗಡುವು ಕೊಟ್ಟು, ಕಟ್ಟಿದ ಮೇಲೂ ಅರ್ಜಿ ಹಾಕಲು ಬಿಟ್ಟಿತು. ಪರಿಸರಕ್ಕೆ ಆದ ಹಾನಿ ಎಷ್ಟು, ಸರಿಪಡಿಸಲು ಎಷ್ಟು ಖರ್ಚು ಅಂತ ಲೆಕ್ಕ ಹಾಕಿಸಬೇಕು, ಅಷ್ಟು ಮೊತ್ತದ ಬ್ಯಾಂಕ್ ಗ್ಯಾರಂಟಿ ಇಡಬೇಕು. ಹಾನಿಯ ಲೆಕ್ಕ ಬರೆಯುವವರೂ ಕನ್ಸಲ್ಟೆಂಟ್‌ಗಳೇ, ಕಸುಬಿಗೆ ಹೊಸ ಕೆಲಸ ಸಿಕ್ಕಿತು. 2021ರ ಜುಲೈನಲ್ಲಿ ಇದಕ್ಕೆ ಇನ್ನೊಂದು ಸುತ್ತೋಲೆ ಬಂತು. 2025ರ ಮೇ 16ರಂದು ಸುಪ್ರೀಂ ಕೋರ್ಟ್ ಎರಡನ್ನೂ ಹೊಡೆದುಹಾಕಿತು. ಅದೇ ವರ್ಷ ನವೆಂಬರ್ 18ರಂದು ಮೂವರು ನ್ಯಾಯಮೂರ್ತಿಗಳ ಪೀಠ ಇಬ್ಬರ ಬಹುಮತದಿಂದ ಆ ತೀರ್ಪನ್ನೇ ಹಿಂಪಡೆಯಿತು, ವಿಷಯ ಮತ್ತೆ ವಿಚಾರಣೆಗೆ ಹೋಯಿತು. ಕಷ್ಟಪಟ್ಟು ಮೊದಲೇ ಅನುಮತಿ ತಗೊಂಡ ಬಿಲ್ಡರ್ ಇದನ್ನೆಲ್ಲ ನೋಡಿ ಏನು ಕಲಿಯಬೇಕು?

ಅನುಮತಿ ಸಿಕ್ಕ ಮೇಲಿನ ಕಥೆಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ವರದಿ ಕೊಡಬೇಕು. ಕಟ್ಟುವಷ್ಟು ದಿನ ಬಿಲ್ಡರ್ ಕಡೆಯ ಕನ್ಸಲ್ಟೆಂಟ್ ಕಳಿಸುತ್ತಾರೆ. ಸಂಘಕ್ಕೆ ಒಪ್ಪಿಸಿದ ಮೇಲೆ ಎಸ್‌ಟಿಪಿಯ ಕೀಲಿ ಬರುತ್ತದೆ, ಜನರೇಟರ್ ಬರುತ್ತದೆ, ಈ ಫೈಲು ಮಾತ್ರ ಎಷ್ಟೋ ಕಡೆ ಬರುವುದಿಲ್ಲ. 2018ರಲ್ಲಿ ಪರಿಸರ ಅನುಮತಿಗಳಿಗೆಂದೇ ಕೇಂದ್ರದ ಪರಿವೇಶ್ ಪೋರ್ಟಲ್ ಬಂದ ಮೇಲೆ ಒಂದು ಅನುಕೂಲ ಆಗಿದೆ. ಆಮೇಲಿನ ಯೋಜನೆ ಆದರೆ ಅನುಮತಿ ಪತ್ರವನ್ನು ಅಲ್ಲಿ ಹುಡುಕಿ ಓದಬಹುದು. ಫ್ಲಾಟ್ ಬುಕ್ ಮಾಡುವ ಮುಂಚೆ ಒಂದು ಸಂಜೆ ಅದಕ್ಕೆ ಕೊಡಿ, ನೀರಿನ ಮೂಲ ಯಾವುದು, ಎಸ್‌ಟಿಪಿ ಎಷ್ಟು ದೊಡ್ಡದು, ಉಳಿದ ನೀರು ಎಲ್ಲಿಗೆ ಅಂತ ನೋಡಿ.

ಸ್ವತಂತ್ರ ನಿಯಂತ್ರಕ ಬೇಕು ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಲಾಫಾರ್ಜ್ ಅನ್ನುವ ಸಿಮೆಂಟ್ ಕಂಪನಿಯ ಕೇಸಿನ ತೀರ್ಪಿನಲ್ಲೇ ಹೇಳಿತ್ತು. ಅದರ ಬದಲು 2022ರ ಜನವರಿಯಲ್ಲಿ ಬಂದಿದ್ದು ಯಾವ ರಾಜ್ಯದ ಪ್ರಾಧಿಕಾರ ಎಷ್ಟು ಬೇಗ ಅನುಮತಿ ಕೊಡುತ್ತದೆ ಅಂತ ನೋಡಿ ಸ್ಟಾರ್ ಕೊಡುವ ಯೋಜನೆ. 2025ರ ಆಗಸ್ಟ್ ಕೊನೆಗೆ ಪರಿಸರ ಆಡಿಟ್ ನಿಯಮಗಳು ಬಂದಿವೆ. ಅದರಲ್ಲಿ ನೋಂದಾಯಿತ ಖಾಸಗಿ ಆಡಿಟರ್‌ಗಳು ಷರತ್ತು ಪಾಲನೆ ಪರೀಕ್ಷಿಸುತ್ತಾರೆ, ಯಾವ ಯೋಜನೆಗೆ ಯಾವ ಆಡಿಟರ್ ಅನ್ನೋದನ್ನು ಚೀಟಿ ಎತ್ತಿದ ಹಾಗೆ ಹಂಚಬೇಕು ಅಂತಿದೆ. ಆದರೆ ಈ ನಿಯಮ ಆಡಿಟ್‌ಗೆ ಮಾತ್ರ. ಅರ್ಜಿ ಬರೆಯುವ ಹಂತದಲ್ಲಿ ಕನ್ಸಲ್ಟೆಂಟ್‌ನನ್ನು ಆರಿಸುವುದೂ ಫೀಸು ಕೊಡುವುದೂ ಈಗಲೂ ಬಿಲ್ಡರೇ.