ಸಮಾಜ ಎಂಬುದು ಎಲ್ಲಿದೆ?

ಆತ್ಮಹತ್ಯೆಗಿಂತ ಖಾಸಗಿಯಾದ ವಿಷಯ ಇನ್ನೊಂದಿಲ್ಲ ಅನ್ನಿಸುತ್ತದೆ. ಒಬ್ಬ ಮನುಷ್ಯ, ಅವನ ನೋವು, ಅಷ್ಟೇ ಅಲ್ವಾ? ಇಲ್ಲೂ ಸಮಾಜದ ಕೈ ಇದೆ ಎಂದು ತೋರಿಸಲು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ ಬೇಕೆಂದೇ ಇದನ್ನು ಕೈಗೆತ್ತಿಕೊಂಡರು. ಯುರೋಪಿನ ದೇಶಗಳ ಅಂಕಿಅಂಶ ಮುಂದಿಟ್ಟುಕೊಂಡು 1897ರಲ್ಲಿ ಪುಸ್ತಕ ಬರೆದರು. ಒಂದೊಂದು ದೇಶದಲ್ಲೂ ಆತ್ಮಹತ್ಯೆಯ ಪ್ರಮಾಣ ವರ್ಷ ವರ್ಷವೂ ಹೆಚ್ಚುಕಡಿಮೆ ಅಷ್ಟೇ ಇರುತ್ತಿತ್ತು. ಸಾಯುವವರು ಬೇರೆ ಬೇರೆ ಜನ, ಲೆಕ್ಕ ಮಾತ್ರ ಬದಲಾಗುತ್ತಿರಲಿಲ್ಲ. ಆರ್ಥಿಕ ಕುಸಿತ ಬಂದಾಗ ಅದು ಏರಿತು, ಸರಿ. ಆದರೆ ದಿಢೀರನೆ ಸಂಪತ್ತು ಹೆಚ್ಚಿದಾಗಲೂ ಏರಿತು! ಬಡತನವೊಂದೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ. ಎಷ್ಟು ಆಸೆಪಡಬೇಕು, ಎಲ್ಲಿ ನಿಲ್ಲಬೇಕು ಎಂದು ಹೇಳುತ್ತಿದ್ದ ಕಟ್ಟುಪಾಡು ಸಡಿಲವಾದಾಗ ಮನುಷ್ಯ ದಿಕ್ಕುತಪ್ಪುತ್ತಾನೆ ಎಂದರು ಡರ್ಕೈಮ್. ಈ ಸ್ಥಿತಿಯನ್ನು 'ಅನೋಮಿ' ಎಂದು ಕರೆದರು.

ಅವರ ಲೆಕ್ಕದಲ್ಲಿ ದೋಷಗಳಿವೆ. ಕ್ಯಾಥೊಲಿಕರಲ್ಲಿ ಆತ್ಮಹತ್ಯೆ ಕಡಿಮೆ ಎಂದಿದ್ದರು. ಅದು ಪಾಪ, ಅವಮಾನ ಎಂದು ಸಾವಿನ ಕಾರಣವನ್ನೇ ಬೇರೆಯಾಗಿ ಬರೆಸಿರಬಹುದಲ್ಲ ಎಂದು ಆಮೇಲಿನವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೂ ನಮ್ಮ ಹೊರಗಿದ್ದು ನಮ್ಮನ್ನು ಒತ್ತುವ ಶಕ್ತಿಯೊಂದಿದೆ ಎಂಬ ಮೂಲ ಮಾತು ಉಳಿದುಕೊಂಡಿತು.

ಈ ಒತ್ತಡ ದಿನನಿತ್ಯ ಯಾಕೆ ಗೊತ್ತಾಗುವುದಿಲ್ಲ? ಅಮೆರಿಕದ ಸಮಾಜಶಾಸ್ತ್ರಜ್ಞ ಹೆರಾಲ್ಡ್ ಗಾರ್ಫಿಂಕೆಲ್ ಇದಕ್ಕೊಂದು ತುಂಟ ದಾರಿ ಹುಡುಕಿದರು. ನಿಮ್ಮ ಮನೆಯಲ್ಲೇ ಸ್ವಲ್ಪ ಹೊತ್ತು ಬಾಡಿಗೆಗೆ ಬಂದವರ ಹಾಗೆ ಇರಿ ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ವಿನಯವಾಗಿ, ಅಳೆದು ತೂಗಿ ಮಾತಾಡಬೇಕು. ಕೇಳಿದರಷ್ಟೇ ಬಾಯಿಬಿಡಬೇಕು. ತಪ್ಪೇನೂ ಮಾಡುವಂತಿಲ್ಲ, ಸುಮ್ನೆ ಮರ್ಯಾದೆಯಿಂದ ಇದ್ದರಾಯಿತು. ಮನೆಯವರು ಕಂಗಾಲಾದರು. ಹುಷಾರಿಲ್ಲವಾ, ತಲೆ ಕೆಟ್ಟಿದೆಯಾ ಎಂದು ಸಿಡುಕಿದರು. 'ಮನೆಯವರು' ಆಗಿರುವುದಕ್ಕೂ ನಿಯಮಗಳಿವೆ, ಅವು ಮುರಿದಾಗಲೇ ಕಾಣಿಸುತ್ತವೆ. ಗಾರ್ಫಿಂಕೆಲ್ ಡರ್ಕೈಮರಿಗಿಂತ ಒಂದು ಹೆಜ್ಜೆ ಮುಂದೆ ಹೋದರು ಎಂದೇ ನನ್ನ ಅನಿಸಿಕೆ. ನಿಯಮ ಮೇಲಿಂದ ಇಳಿದು ಬರುವುದಷ್ಟೇ ಅಲ್ಲ, ಪ್ರತಿ ಮಾತಿನಲ್ಲೂ ನಾವೇ ಅದನ್ನು ಮತ್ತೆ ಕಟ್ಟುತ್ತಿರುತ್ತೇವೆ.

ಇನ್ನು ಆ ನಿಯಮದಿಂದ ಲಾಭ ಯಾರಿಗೆ? ಇದು ಕಾರ್ಲ್ ಮಾರ್ಕ್ಸ್ ಕೇಳಿದ ಬಗೆಯ ಪ್ರಶ್ನೆ. ಸಮಾಜದ ಪ್ರತಿ ಅಂಗಕ್ಕೂ ಒಂದು ಕೆಲಸವಿದೆ, ಎಲ್ಲ ಸೇರಿ ಸಮತೋಲನ ಕಾಯುತ್ತವೆ ಎನ್ನುವ ಪ್ರಕಾರ್ಯವಾದಿಗಳು (ಫಂಕ್ಷನಲಿಸ್ಟರು) ಇಲ್ಲಿ ತಡವರಿಸುತ್ತಾರೆ. ಫ್ರಾನ್ಸಿನ ಪಿಯರೆ ಬೂರ್ದಿಯೂ ಈ ಪ್ರಶ್ನೆಯನ್ನು ಶಾಲೆಯೊಳಕ್ಕೆ ಒಯ್ದರು. ಓದಿದವರ ಮನೆಯ ಮಗುವಿಗೆ ಪುಸ್ತಕದ ಭಾಷೆ, ಮಾತಿನ ಧಾಟಿ ಮನೆಯಲ್ಲೇ ಸಿಕ್ಕಿರುತ್ತದೆ. ಇದು 'ಸಾಂಸ್ಕೃತಿಕ ಬಂಡವಾಳ'. ಶಾಲೆ ಅದನ್ನು ಜಾಣತನ ಎಂದು ಓದಿಕೊಂಡು ಅಂಕ ಕೊಡುತ್ತದೆ. ಅದಿಲ್ಲದ ಮಗು ತಾನೇ ದಡ್ಡ ಎಂದು ನಂಬಿಬಿಡುತ್ತದೆ.

ನಂಬಿಕೆ ಸುಳ್ಳಾಗಿದ್ದರೂ ಪರಿಣಾಮ ನಿಜವೇ. ಇದಕ್ಕೆ ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1948ರಲ್ಲಿ ಬ್ಯಾಂಕಿನ ಉದಾಹರಣೆ ಕೊಟ್ಟರು. ಗಟ್ಟಿಯಾಗಿಯೇ ಇರುವ ಬ್ಯಾಂಕು ಮುಳುಗುತ್ತದಂತೆ ಎಂದು ಗುಲ್ಲು ಹಬ್ಬುತ್ತದೆ. ಎಲ್ಲರೂ ಒಟ್ಟಿಗೆ ಹಣ ತೆಗೆಯಲು ಓಡುತ್ತಾರೆ. ಬ್ಯಾಂಕು ನಿಜವಾಗಿಯೂ ಮುಳುಗುತ್ತದೆ. ಗುಲ್ಲು ಹಬ್ಬಿಸಿದವನು 'ನಾನು ಹೇಳಲಿಲ್ಲವಾ' ಎನ್ನುತ್ತಾನೆ. ಇಂಥ ಸುಳಿಯಿಂದ ಬಿಡಿಸಿಕೊಳ್ಳಲು ಬುದ್ಧಿಮಾತು ಸಾಲದು ಎಂಬುದು ಮರ್ಟನ್ ವಾದ. ಅಮೆರಿಕದಲ್ಲಿ 1933ರಲ್ಲಿ ಠೇವಣಿಗೆ ವಿಮೆ ಕೊಡುವ ಕಾನೂನು ಬಂತು. ಆಮೇಲೆ ಬ್ಯಾಂಕು ಮುಳುಗುವುದು ಬಹಳ ಕಡಿಮೆಯಾಯಿತು. ಜನ ಧೈರ್ಯವಂತರಾದರು ಎಂದಲ್ಲ, ಓಡುವ ಅಗತ್ಯವೇ ಉಳಿದಿರಲಿಲ್ಲ.